ಲಂಡನ್ ಟ್ರಾನ್ಸ್‌ಪೋರ್ಟ್ ಮ್ಯೂಸಿಯಂ: ಬಸ್ಸು ನೋಡಲು ಹೋಗಿ ಟಿಕೆಟ್ ಪಂಚ್ ಮುಂದೆ ನಿಂತುಬಿಟ್ಟೆ

ಕಿಟಕಿ ಸೀಟು

ಹೋದ ಶನಿವಾರ ಮಗನನ್ನು ಕರೆದುಕೊಂಡು ಕೋವೆಂಟ್ ಗಾರ್ಡನ್‌ನಲ್ಲಿರುವ ಲಂಡನ್ ಟ್ರಾನ್ಸ್‌ಪೋರ್ಟ್ ಮ್ಯೂಸಿಯಂಗೆ ಹೋಗಿದ್ದೆ. ಅವನಿಗೆ ಏಳು ವರ್ಷ. ಕೆಂಪು ಡಬಲ್ ಡೆಕ್ಕರ್ ಕಂಡರೆ ಊಟ ನಿದ್ದೆ ಯಾವುದೂ ಬೇಡ. ಅವನು ಬಸ್ಸು ನೋಡಲಿ, ನಾನು ಬ್ಯಾಗ್ ಹಿಡಿದುಕೊಂಡು ಸುಮ್ನೆ ಹಿಂದೆ ಹೋದರಾಯಿತು ಅಂದುಕೊಂಡಿದ್ದೆ. ಆಗಿದ್ದು ಉಲ್ಟಾ. ಅವನು "ಅಪ್ಪಾ ಬಾ, ಅಪ್ಪಾ ಬಾ" ಅಂತ ಅಂಗಿ ಎಳೀತಿದ್ದ, ನಾನು ಕದಲಲಿಲ್ಲ.

ಮೊದಲು ಕಟ್ಟಡದ ಬಗ್ಗೆ ಎರಡು ಮಾತು. ಇದು 1871ರಲ್ಲಿ ಕಟ್ಟಿದ ಹೂವಿನ ಮಾರ್ಕೆಟ್. ಕಬ್ಬಿಣದ ಕಂಬ, ಗಾಜಿನ ಚಾವಣಿ. ಮ್ಯೂಸಿಯಂ ಇಲ್ಲಿಗೆ ಬಂದಿದ್ದು 1980ರಲ್ಲಿ. ಒಳಗೆ ಹೋದವರನ್ನು ಮೊದಲು ಲಿಫ್ಟ್‌ನಲ್ಲಿ ಮೇಲಿನ ಮಹಡಿಗೆ ಕಳಿಸುತ್ತಾರೆ. ಅಲ್ಲಿ ಕುದುರೆಗಾಡಿ ಕಾಲ. ಅಲ್ಲಿಂದ ಇಳಿಯುತ್ತಾ ಇಳಿಯುತ್ತಾ ನಮ್ಮ ಕಾಲಕ್ಕೆ ಬರಬೇಕು.

ನಾನು ನಿಂತಿದ್ದು ಒಂದು ಗಾಜಿನ ಪೆಟ್ಟಿಗೆ ಮುಂದೆ. ಒಳಗೆ ಅಂಗೈಯಷ್ಟು ಅಗಲದ ಒಂದು ಉಕ್ಕಿನ ಯಂತ್ರ. ಬೆಲ್ ಪಂಚ್ ಅಂತ ಹೆಸರು. ಅದರ ಪಕ್ಕ ಮರದ ಒಂದು ಹಲಗೆ, ಅದಕ್ಕೆ ಸ್ಪ್ರಿಂಗ್ ಕ್ಲಿಪ್ಪುಗಳು, ಒಂದೊಂದು ಕ್ಲಿಪ್ಪಿನಲ್ಲಿ ಒಂದೊಂದು ಬಣ್ಣದ ಟಿಕೆಟ್ ಕಟ್ಟು. ಒಂದೊಂದು ದರಕ್ಕೆ ಒಂದೊಂದು ಬಣ್ಣ. ಕಂಡಕ್ಟರ್ ಟಿಕೆಟ್ ಎಳೆದು, ಯಂತ್ರದ ಸೀಳಿಗೆ ತೂರಿಸಿ ಒತ್ತುತ್ತಿದ್ದ. ಟಿಣ್ ಅಂತ ಗಂಟೆ ಬಾರಿಸುತ್ತಿತ್ತು, ಟಿಕೆಟ್ ಮೇಲೆ ತೂತು ಬೀಳುತ್ತಿತ್ತು.

ಇಲ್ಲಿವರೆಗೆ ಏನೂ ವಿಶೇಷ ಇಲ್ಲ. ಆದರೆ ತೂತಿನಿಂದ ಬಿದ್ದ ಆ ಚೂರು ಕಾಗದ ಎಲ್ಲಿಗೆ ಹೋಗುತ್ತಿತ್ತು ಗೊತ್ತಾ? ಯಂತ್ರದ ಹೊಟ್ಟೆಯೊಳಗೆ! ಸಂಜೆ ಲೆಕ್ಕದವರು ಯಂತ್ರ ಬಿಚ್ಚಿ, ಆ ಚೂರುಗಳನ್ನು ಬಣ್ಣದ ಪ್ರಕಾರ ಬೇರೆ ಮಾಡಿ ಎಣಿಸಬಹುದಿತ್ತು. ಸಾಸಿವೆಗಿಂತ ಸ್ವಲ್ಪ ದೊಡ್ಡದಾದ ಕಾಗದದ ಚುಕ್ಕಿಗಳು! ಚುಕ್ಕಿ ಇಷ್ಟು, ದುಡ್ಡು ಇಷ್ಟು, ತಾಳೆ ಆಯ್ತಾ ಇಲ್ವಾ.

ಗಂಟೆ ಪ್ರಯಾಣಿಕನಿಗೋಸ್ಕರ. ಚುಕ್ಕಿ ಕಂಪನಿಗೋಸ್ಕರ. ನಡುವೆ ಸಿಕ್ಕಿಕೊಂಡವನು ಕಂಡಕ್ಟರ್. ಒಬ್ಬ ಮನುಷ್ಯ ಕದಿಯಬಾರದು ಅಂತ ಎಷ್ಟು ತಲೆ ಓಡಿಸಿದ್ದಾರೆ ಅಂತ ಯೋಚಿಸುತ್ತಾ ಅಲ್ಲೇ ಇಪ್ಪತ್ತು ನಿಮಿಷ ಕಳೆದೆ. ಯಾರಾದರೂ ಹೋಗಿದ್ದೀರಾ? ನಿಮ್ಮನ್ನು ನಿಲ್ಲಿಸಿದ್ದು ಯಾವುದು?

ಗುಬ್ಬಚ್ಚಿ

ನಾನು ಮೂರು ಸಲ ಹೋಗಿದ್ದೇನೆ. ದೊಡ್ಡವರು ಒಂದು ಸಲ ಟಿಕೆಟ್ ತೆಗೆದರೆ ವರ್ಷ ಪೂರ್ತಿ ಎಷ್ಟು ಸಲ ಬೇಕಾದರೂ ಹೋಗಬಹುದು, ಮಕ್ಕಳಿಗೆ ಫ್ರೀ. ಹಾಗಾಗಿ ಒಂದೇ ದಿನ ಎಲ್ಲ ನೋಡಿ ಮುಗಿಸಬೇಕು ಅಂತ ಓಡಬೇಡಿ. ಮಕ್ಕಳ ಕೈಗೆ ಸ್ಟ್ಯಾಂಪ್ ಹೊಡೆಯೋ ಕಾರ್ಡ್ ಸಿಗುತ್ತೆ. ಒಂದೊಂದು ಕಡೆ ಒಂದೊಂದು ಸ್ಟ್ಯಾಂಪ್. ಆ ಕಾರ್ಡ್ ಕೈಯಲ್ಲಿದ್ದರೆ ಮಕ್ಕಳೇ ನಮ್ಮನ್ನು ಮ್ಯೂಸಿಯಂ ಪೂರ್ತಿ ಸುತ್ತಿಸುತ್ತಾರೆ.

ಇನ್ನೊಂದು ವಿಷಯ, ಸ್ವಂತ ಅನುಭವದಿಂದ ಹೇಳ್ತಿದ್ದೇನೆ. ಕೋವೆಂಟ್ ಗಾರ್ಡನ್ ಸ್ಟೇಷನ್‌ನಲ್ಲಿ ಇಳಿದರೆ ಲಿಫ್ಟ್‌ಗೆ ಕಾಯಿರಿ. "ಎಷ್ಟಿದ್ದೀತು, ಮೆಟ್ಟಿಲು ಹತ್ತೋಣ" ಅಂದವಳು ನಾನೇ. 193 ಮೆಟ್ಟಿಲು! ಸುರುಳಿ ಮೆಟ್ಟಿಲು ಬೇರೆ. ನೂರು ದಾಟಿದ ಮೇಲೆ ಚಿಕ್ಕವಳನ್ನು ಎತ್ತಿಕೊಂಡೆ. ಮೇಲೆ ಬಂದಾಗ ಮಾತಾಡೋಕೆ ಉಸಿರಿರಲಿಲ್ಲ. ಮನೆಯವರು ಲಿಫ್ಟ್‌ನಲ್ಲಿ ಬಂದು, ಏನೂ ಆಗದವರ ಥರ ನಿಂತಿದ್ದರು.

ನಕ್ಷೆಗಾರ

ಗುಬ್ಬಚ್ಚಿ ಅಕ್ಕ, ಅದಕ್ಕೆ ಸುಲಭದ ದಾರಿ ಇದೆ. ಲೆಸ್ಟರ್ ಸ್ಕ್ವೇರ್‌ನಲ್ಲೇ ಇಳಿದು ನಡೆದುಬಿಡಿ. ಆ ಎರಡು ಸ್ಟೇಷನ್ ನಡುವೆ ಇರೋದು ಸುಮಾರು 260 ಮೀಟರ್. ಇಡೀ ಅಂಡರ್‌ಗ್ರೌಂಡ್‌ನಲ್ಲಿ, ಅಂದರೆ ಲಂಡನ್ನಿನ ಸುರಂಗ ರೈಲಿನಲ್ಲಿ, ಇದಕ್ಕಿಂತ ಹತ್ತಿರದ ಸ್ಟೇಷನ್ ಜೋಡಿ ಇಲ್ಲ. ನಕ್ಷೆ ನೋಡಿದರೆ ಮಾತ್ರ ಗೊತ್ತೇ ಆಗಲ್ಲ. ಬೇರೆ ಸ್ಟೇಷನ್‌ಗಳ ನಡುವಿನಷ್ಟೇ ಅಂತರ ಅಂತ ಕಾಣುತ್ತೆ.

ನನ್ನನ್ನು ಅಲ್ಲಿ ನಿಲ್ಲಿಸಿದ್ದು ಇದೇ ನಕ್ಷೆ. ಹ್ಯಾರಿ ಬೆಕ್ ಅಂತ ಒಬ್ಬ ಡ್ರಾಫ್ಟ್ಸ್‌ಮನ್. ಸಿಗ್ನಲ್ ವಿಭಾಗದಲ್ಲಿ ಕೆಲಸ. 1931ರಲ್ಲಿ ಬಿಡುವಿನಲ್ಲಿ ಕೂತು ಬರೆದ. ನೆಲದ ಮೇಲೆ ದಾರಿ ಎಲ್ಲಿ ಎಷ್ಟು ತಿರುಗುತ್ತೆ ಅನ್ನೋದನ್ನು ಪೂರ್ತಿ ಬಿಟ್ಟ. ಅಡ್ಡ, ಉದ್ದ, 45 ಡಿಗ್ರಿ ಓರೆ, ಅಷ್ಟೇ. ಮೊದಲು ಬೇಡ ಅಂದರು. ಸುರಂಗದಲ್ಲಿ ಹೋಗುವವನಿಗೆ ಮೇಲೆ ಯಾವ ಬೀದಿ ಇದೆ ಅಂತ ಯಾಕೆ ಬೇಕು, ಎಲ್ಲಿ ಇಳಿಯಬೇಕು ಎಲ್ಲಿ ರೈಲು ಬದಲಿಸಬೇಕು ಅಂತ ಗೊತ್ತಾದರೆ ಸಾಕಲ್ವಾ? ಅದು ಮೇಲಿನವರಿಗೆ ಅರ್ಥವಾಗೋಕೆ ಒಂದಷ್ಟು ಕಾಲ ಬೇಕಾಯಿತು. 1933ರ ಜನವರಿಯಲ್ಲಿ ಜೇಬಿನ ನಕ್ಷೆಯಾಗಿ ಅಚ್ಚು ಹಾಕಿ ಹಂಚಿದರು. ಜನ ಕೂಡಲೇ ಒಪ್ಪಿಕೊಂಡರು.

ಬೆಕ್ ಪೆನ್ಸಿಲ್‌ನಲ್ಲಿ ಗೀಚಿದ ಮೊದಲ ಹಾಳೆ ಈ ಮ್ಯೂಸಿಯಂನಲ್ಲಿಲ್ಲ. ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ಹತ್ತಿರ ಇದೆ.

ಸುಮ್ನೆ ಓದುವವ

ತಪ್ಪು ತಿಳ್ಕೋಬೇಡಿ. ಹಳೇ ಬಸ್ಸು, ಹಳೇ ರೈಲು ನೋಡೋಕೆ ದುಡ್ಡು ಕೊಟ್ಟು ಯಾಕೆ ಹೋಗ್ಬೇಕು? ಹೊರಗೆ ಹೊಸ ಬಸ್ಸೇ ಓಡಾಡ್ತಿದೆ. ಫೋಟೋ ಎಲ್ಲ ನೆಟ್‌ನಲ್ಲಿ ಸಿಗುತ್ತೆ. ಶಾಲೆ ಮಕ್ಕಳಿಗೆ ಸರಿ, ದೊಡ್ಡವರಿಗೆ ಏನಿದೆ ಅಲ್ಲಿ?

ಕಿಟಕಿ ಸೀಟು

ನಾನೂ ಹಾಗೇ ಅಂದುಕೊಂಡಿದ್ದೆ ಗುರು. ಆದರೆ ಅಳತೆ ಅನ್ನೋದು ಫೋಟೋದಲ್ಲಿ ಸಿಗಲ್ಲ. ಒಂದು ಉದಾಹರಣೆ ಹೇಳ್ತೀನಿ.

ಅಲ್ಲಿ 1890ರ ಒಂದು ಟ್ಯೂಬ್ ರೈಲಿನ ಬೋಗಿ ಇದೆ. ಸಿಟಿ ಅಂಡ್ ಸೌತ್ ಲಂಡನ್ ರೈಲ್ವೆಯದ್ದು. ನೆಲದ ಆಳದಲ್ಲಿ ಕರೆಂಟ್‌ನಿಂದ ಓಡಿದ ಮೊದಲ ರೈಲು ಅದು. ಕಿಂಗ್ ವಿಲಿಯಂ ಸ್ಟ್ರೀಟ್‌ನಿಂದ ಸ್ಟಾಕ್‌ವೆಲ್‌ವರೆಗೆ. ಬೋಗಿಗೆ ಕಿಟಕಿ ಅಂತ ಇರೋದು ತಲೆಯ ಮೇಲೆ ಒಂದು ಸಣ್ಣ ಸೀಳು ಮಾತ್ರ. ಸುರಂಗದಲ್ಲಿ ನೋಡೋಕೆ ಏನಿದೆ, ಕಿಟಕಿ ಯಾಕೆ ದಂಡ ಅಂದರಂತೆ ಕಟ್ಟಿದವರು. ಎರಡೂ ಕಡೆ ಉದ್ದಕ್ಕೆ ಸೀಟು, ಬೆನ್ನ ಹಿಂದೆ ಎತ್ತರದ ಮೆತ್ತೆ. ಜನ ಅದಕ್ಕೆ ಇಟ್ಟ ಹೆಸರು 'ಪ್ಯಾಡೆಡ್ ಸೆಲ್'. ಹುಚ್ಚಾಸ್ಪತ್ರೆಯಲ್ಲಿ ರೋಗಿ ಗೋಡೆಗೆ ತಲೆ ಚಚ್ಚಿಕೊಳ್ಳದಿರಲಿ ಅಂತ ಮೆತ್ತೆ ಹೊಡೆದ ಕೋಣೆ ಇರ್ತಿತ್ತಲ್ಲ, ಅದರ ಹೆಸರು.

ಇದನ್ನೆಲ್ಲ ನಾನು ಮೊದಲೇ ಓದಿದ್ದೆ. ಆದರೆ ಒಳಗೆ ಕೂತಾಗ ಎದುರು ಸೀಟಿನವರ ಮೊಣಕಾಲು ನನ್ನ ಮೊಣಕಾಲಿಗೆ ಮುಟ್ಟುವಷ್ಟು ಹತ್ತಿರ. ತಲೆ ಎತ್ತಿದರೆ ಚಾವಣಿ. ಬೋಗಿಯ ತುದಿಯಲ್ಲಿ ಜಾಲರಿ ಗೇಟು, ಅಲ್ಲಿ ನಿಂತ ನೌಕರ ಪ್ರತಿ ಸ್ಟೇಷನ್ ಹೆಸರು ಕೂಗಬೇಕು. ಅವನು ಕೂಗದಿದ್ದರೆ ಎಲ್ಲಿದ್ದೇವೆ ಅಂತ ಒಳಗಿದ್ದವರಿಗೆ ಗೊತ್ತಾಗುವ ದಾರಿಯೇ ಇಲ್ಲ. ನನ್ನ ಮಗ ಒಂದು ನಿಮಿಷ ಕೂತು, "ಅಪ್ಪಾ, ಇದರಲ್ಲಿ ಹೊರಗಡೆ ಇಲ್ಲ" ಅಂದ.

ಕಡೇ ಸ್ಟಾಪ್

ಬೆಲ್ ಪಂಚ್ ವಿಷಯ ಓದಿ ಸುಮ್ಮನಿರೋಕೆ ಆಗಲಿಲ್ಲ. ನಾನು ಒಂಬತ್ತು ವರ್ಷ ಕಂಡಕ್ಟರ್ ಆಗಿದ್ದವನು. ಎಲ್ಲಿ, ಯಾವಾಗ ಅನ್ನೋದು ಬೇಡ ಬಿಡಿ. ಈಗ ಮಗಳ ಮನೆಗೆ ಅಂತ ಬಂದು ಲಂಡನ್ನಿನಲ್ಲಿದ್ದೇನೆ. ಮ್ಯೂಸಿಯಂ ನಾನೂ ನೋಡಿದ್ದೇನೆ.

"ಕದಿಯಬಾರದು ಅಂತ" ಎಂದು ಬರೆದಿದ್ದೀರಿ. ಸ್ವಲ್ಪ ನಿಲ್ಲಿ. ಟಿಕೆಟ್ ಬರುವ ಮೊದಲು ಲಂಡನ್ನಿನ ಬಸ್ಸಿನಲ್ಲಿ ಏನು ನಡೆಯುತ್ತಿತ್ತು ಗೊತ್ತಾ? ಕಂಡಕ್ಟರ್ ದಿನದ ದುಡ್ಡು ತಂದು ಕೊಡುತ್ತಿದ್ದ. ಅದರಲ್ಲಿ ಒಂದಿಷ್ಟು ಅವನ ಜೇಬಿಗೆ ಹೋಗುತ್ತೆ ಅಂತ ಕಂಪನಿಗೂ ಗೊತ್ತು, ಡ್ರೈವರ್‌ಗೂ ಗೊತ್ತು, ಅವನಿಗೂ ಪಾಲಿತ್ತು. ಗೊತ್ತಿದ್ದೇ ಸಂಬಳ ಕಡಿಮೆ ಇಟ್ಟಿದ್ದರು. ಸಂಬಳ ಕಡಿಮೆ, ಗಿಂಬಳ ನಿನ್ನ ಸಾಮರ್ಥ್ಯ. ಇದು ಕಳ್ಳತನ ಅಲ್ಲ, ಬರೆದಿಡದ ಒಪ್ಪಂದ.

1891ರಲ್ಲಿ ಲಂಡನ್ ಜನರಲ್ ಆಮ್ನಿಬಸ್ ಕಂಪನಿ ಟಿಕೆಟ್ ಜಾರಿಗೆ ತಂದಿತು. ಅದೇ ಜೂನ್‌ನಲ್ಲಿ ಬಸ್ ನೌಕರರು ಮುಷ್ಕರ ಹೂಡಿದರು. ಯಾಕೆ ಅಂದರೆ ಗಿಂಬಳ ಹೋಯಿತು, ಕೆಲಸದ ಹೊತ್ತು ಮಾತ್ರ ಮೊದಲಿನಷ್ಟೇ. ದಿನಕ್ಕೆ ಹದಿನಾಲ್ಕು ಹದಿನೈದು ಗಂಟೆ. ಅವರು ಕೇಳಿದ್ದು ಹನ್ನೆರಡು ಗಂಟೆಯ ದಿನ. ಎಂಟಲ್ಲ, ಹನ್ನೆರಡು! ಸುಮಾರು ಒಂದು ವಾರ ಬಸ್ಸು ನಿಂತವು. ಟಿಕೆಟ್ ಮಾತ್ರ ಹಿಂದೆ ಹೋಗಲಿಲ್ಲ.

ಆ ಯಂತ್ರದ ಮುಂದೆ ನಾನು ನಿಂತಾಗ ನನಗೆ ನೆನಪಾಗಿದ್ದು ನಮ್ಮ ಚೆಕಿಂಗ್‌ನವರು. ದಾರಿ ನಡುವೆ ಬಸ್ ನಿಲ್ಲಿಸಿ ಹತ್ತಿದರೆ, ಒಂದು ರೂಪಾಯಿ ಕಡಿಮೆ ಇಲ್ಲದಿದ್ದರೂ ಎದೆ ಡವಡವ ಅನ್ನೋದು.

ಕಿಟಕಿ ಸೀಟು

ಸರ್, ಇದು ನನಗೆ ಗೊತ್ತಿರಲಿಲ್ಲ. ನಾನು ಯಂತ್ರದ ಜಾಣತನ ನೋಡಿ ಬೆರಗಾಗಿ ಬರೆದೆ. "ಕದಿಯೋದು" ಅನ್ನೋ ಮಾತು ವಾಪಸ್ ತಗೊಂಡಿದ್ದೇನೆ. ಮೇಲಿನ ಪೋಸ್ಟ್ ಹಾಗೇ ಇರಲಿ, ತಿದ್ದಿದರೆ ನಿಮ್ಮ ಉತ್ತರ ಅರ್ಥವಾಗಲ್ಲ.

ಕಡೇ ಸ್ಟಾಪ್

ವಾಪಸ್ ತಗೊಳ್ಳೋದು ಬೇಡಪ್ಪ. ಕದ್ದವರೂ ಇದ್ದರು. ನಮ್ಮಲ್ಲೂ ಇದ್ದರು, ಅಲ್ಲೂ ಇದ್ದಿರಬೇಕು. ನಾನು ಹೇಳಿದ್ದು ಎಲ್ಲರೂ ಅಲ್ಲ ಅಂತ.

ಹಳೇ ಲಾಂದ್ರ

ಮೇಲಿನ ಮಹಡಿಯಲ್ಲಿ ಶಿಲ್ಲಿಬೀರ್ ಅವರ ಬಸ್ಸು ಇದೆ ನೋಡಿ. ಜಾರ್ಜ್ ಶಿಲ್ಲಿಬೀರ್, 1829. ಪ್ರಪಂಚದ ಮೊದಲ ಬಸ್ಸು ಅದು. ಮೂರು ಕುದುರೆ, ಸುಮಾರು ಇಪ್ಪತ್ತು ಜನ. ಪ್ಯಾಡಿಂಗ್ಟನ್‌ನಿಂದ ಬ್ಯಾಂಕ್‌ವರೆಗೆ. ಅದರ ಪಕ್ಕದಲ್ಲೇ ಕುದುರೆ ಲದ್ದಿಯ ಕಥೆ ಹೇಳೋ ಬಸ್ಸುಗಳೂ ಇವೆ. 1894ರಲ್ಲಿ ಅಲ್ಲಿನ ದೊಡ್ಡ ಪತ್ರಿಕೆಯೊಂದು "ಇನ್ನು ಐವತ್ತು ವರ್ಷಕ್ಕೆ ಲಂಡನ್ನಿನ ಬೀದಿಗಳು ಒಂಬತ್ತು ಅಡಿ ಲದ್ದಿಯಲ್ಲಿ ಹೂತುಹೋಗುತ್ತವೆ" ಅಂತ ಬರೆದಿತ್ತಂತೆ.

ನಕ್ಷೆಗಾರ

ಎರಡು ತಿದ್ದುಪಡಿ, ಬೇಜಾರು ಮಾಡ್ಕೋಬೇಡಿ.

ಶಿಲ್ಲಿಬೀರ್ ಲಂಡನ್ನಿಗೆ ಮೊದಲು, ಪ್ರಪಂಚಕ್ಕಲ್ಲ. ಅವನು ಪ್ಯಾರಿಸ್‌ನಲ್ಲಿ ಗಾಡಿ ಕಟ್ಟುವ ಕೆಲಸ ಮಾಡುತ್ತಿದ್ದಾಗ ಅಲ್ಲಿ ಆಮ್ನಿಬಸ್ ನೋಡಿದ, ಬಂದು ಇಲ್ಲಿ ಶುರು ಮಾಡಿದ. ಅದಕ್ಕೂ ಮೊದಲು 1826ರಲ್ಲಿ ಫ್ರಾನ್ಸಿನ ನಾಂತ್ ಊರಲ್ಲಿ ಸ್ತಾನಿಸ್ಲಾಸ್ ಬೋದ್ರಿ ಓಡಿಸಿದ್ದ. ಅದಕ್ಕೂ ಹಿಂದೆ, 1662ರಲ್ಲಿ ಗಣಿತದ ಬ್ಲೇಸ್ ಪಾಸ್ಕಲ್ ಪ್ಯಾರಿಸ್‌ನಲ್ಲಿ ಗೊತ್ತಾದ ದಾರಿ, ಗೊತ್ತಾದ ಹೊತ್ತು, ಗೊತ್ತಾದ ದರ ಅಂತ ಗಾಡಿ ಬಿಡಿಸಿದ್ದ. ದರ ಐದು ಸೋಲ್, ಆಗಿನ ಫ್ರಾನ್ಸಿನ ನಾಣ್ಯ. ಆದರೆ ಸೈನಿಕರು, ಆಳುಕಾಳುಗಳು ಹತ್ತಬಾರದು ಅಂತ ಕಾನೂನಾಯಿತು. ಕೊನೆಗೆ ನಿಂತುಹೋಯಿತು. 'ಆಮ್ನಿಬಸ್' ಅಂದರೆ ಲ್ಯಾಟಿನ್‌ನಲ್ಲಿ 'ಎಲ್ಲರಿಗೂ'. ಪಾಸ್ಕಲ್ ಗಾಡಿಗೆ ಆ ಹೆಸರು ಒಪ್ಪುತ್ತಿರಲಿಲ್ಲ ಬಿಡಿ. ಮ್ಯೂಸಿಯಂನಲ್ಲಿರುವ ಶಿಲ್ಲಿಬೀರ್ ಗಾಡಿಯೂ ಮೂಲದ್ದಲ್ಲ. ನೂರು ವರ್ಷ ತುಂಬಿದ್ದಕ್ಕೆ 1929ರಲ್ಲಿ ಮಾಡಿಸಿದ ಪ್ರತಿ.

ಲದ್ದಿ ಲೇಖನವಂತೂ ಕಟ್ಟುಕಥೆ. ಎಲ್ಲರೂ ಹೇಳ್ತಾರೆ, ಆದರೆ 1894ರ ಆ ಪುಟ ಹುಡುಕಿದವರಿಗೆ ಸಿಕ್ಕಿಲ್ಲ.

ಹಳೇ ಲಾಂದ್ರ

ಅಯ್ಯೋ, ಆ ಲದ್ದಿ ಕಥೆ ನಾನು ಎಷ್ಟು ಜನಕ್ಕೆ ಹೇಳಿದ್ದೇನೋ! ಸರಿ, ಲೇಖನ ಸುಳ್ಳಿರಬಹುದು, ಲದ್ದಿ ಸುಳ್ಳಲ್ಲ. ಒಂದು ಬಸ್ಸಿಗೆ ಎರಡು ಕುದುರೆ ಕಟ್ಟುತ್ತಿದ್ದರು. ಆದರೆ ದಿನ ಪೂರ್ತಿ ಓಡಿಸೋಕೆ ಹತ್ತು ಹನ್ನೊಂದು ಕುದುರೆ ಬೇಕು. ಒಂದು ಜೋಡಿ ಕೆಲವು ಗಂಟೆ ಎಳೆದರೆ ಲಾಯಕ್ಕೆ, ಮತ್ತೊಂದು ಜೋಡಿ ಹೊರಗೆ. ಹುಲ್ಲು, ಓಟ್ಸ್, ಲಾಳ, ಲಾಯ ಎಲ್ಲ ಕಂಪನಿಯ ತಲೆ ಮೇಲೆ. ನಾಲ್ಕೈದು ವರ್ಷಕ್ಕೆ ಬಸ್ಸಿನ ಕುದುರೆ ಸುಸ್ತು, ಮಾರಬೇಕು. ನಮ್ಮ ತಾತ ಎತ್ತಿನಗಾಡಿ ಇಟ್ಟವರು. ಮೇವಿನ ಖರ್ಚು ಅಂದರೆ ಏನು ಅಂತ ನನಗೆ ಹೇಳಿಕೊಡಬೇಕಿಲ್ಲ.

ಅದಕ್ಕೇ ಟ್ರಾಮ್ ಬಂದಾಗ ಕಂಪನಿಗಳು ಖುಷಿಪಟ್ಟಿದ್ದು. ಅದೇ ಎರಡು ಕುದುರೆ, ಆದರೆ ಹಳಿ ಮೇಲೆ ಗಾಲಿ ಹಗುರವಾಗಿ ಉರುಳುತ್ತೆ. ಹೆಚ್ಚುಕಮ್ಮಿ ಎರಡರಷ್ಟು ಜನರನ್ನು ಎಳೆಯುತ್ತಿದ್ದವು. ಎರಡು ಗಾಡಿಯೂ ಅಲ್ಲೇ ಇವೆ. ಬಸ್ಸಿನ ಗಾಲಿ ನೋಡಿ, ಆಮೇಲೆ ಟ್ರಾಮ್‌ನ ಗಾಲಿ ನೋಡಿ. ಬಸ್ಸಿನದ್ದು ಎತ್ತಿನಗಾಡಿ ಗಾಲಿಯ ಥರ ದೊಡ್ಡದು. ಟ್ರಾಮ್‌ನದ್ದು ಕೆಳಗೆ ಅಡಗಿಕೊಂಡಿರೋ ಪುಟ್ಟದು.

ಸಂಜೆ ಪಾಳಿ

ಕುದುರೆ ಬಸ್ಸಿನಲ್ಲಿ ನೀವೆಲ್ಲ ಕುದುರೆ ನೋಡಿದಿರಿ. ನಾನು ಏಣಿ ನೋಡಿದೆ.

'ನೈಫ್‌ಬೋರ್ಡ್' ಅಂತ ಒಂದು ಬಸ್ಸಿದೆಯಲ್ಲ, ಚಾವಣಿ ಮೇಲೆ ಉದ್ದಕ್ಕೆ ಒಂದು ಬೆಂಚು, ಬೆನ್ನಿಗೆ ಬೆನ್ನು ಕೊಟ್ಟು ಕೂರೋದು. ಅಲ್ಲಿಗೆ ಹತ್ತೋಕೆ ನೆಟ್ಟಗೆ ನಿಲ್ಲಿಸಿದ ಏಣಿಯಂಥದ್ದು. ಆ ಕಾಲದ ಉದ್ದ ಲಂಗ ಉಟ್ಟವರು ಹತ್ತೋದುಂಟಾ? ಹಾಗಾಗಿ ಮೇಲೆ ಗಂಡಸರು ಮಾತ್ರ. ಹೆಂಗಸರು ಒಳಗೆ, ಜಾಸ್ತಿ ದುಡ್ಡು ಕೊಟ್ಟು. 1880ರ ದಶಕದಲ್ಲಿ 'ಗಾರ್ಡನ್ ಸೀಟ್' ಬಸ್ಸು ಬಂತು. ಹಿಂದೆ ತಿರುವು ಮೆಟ್ಟಿಲು, ಮೇಲೆ ಮುಂದಕ್ಕೆ ಮುಖ ಮಾಡಿದ ಸೀಟು. ಆಗ ಹೆಂಗಸರೂ ಮೇಲೆ ಹೋದರು. ಕೆಳಗಿನವರಿಗೆ ಅವರ ಪಾದ ಕಾಣಬಾರದು ಅಂತ ಅಡ್ಡ ಹಲಗೆ ಹೊಡೆದರು. ಹಲಗೆ ಖಾಲಿ ಇದೆಯಲ್ಲ ಅಂತ ಅದರ ಮೇಲೆ ಜಾಹೀರಾತು ಬರೆಸಿದರು. ಬಸ್ಸಿನ ಪಕ್ಕದಲ್ಲಿ ಈಗಲೂ ಜಾಹೀರಾತು ಅಲ್ಲೇ ಇರುತ್ತೆ ನೋಡಿ.

ನಾನು ನರ್ಸ್. ಪಾಳಿ ಮುಗಿಸಿ ರಾತ್ರಿ ಬಸ್ಸಲ್ಲಿ ಮೇಲಿನ ಮಹಡಿಗೆ ಹತ್ತಿ ಮುಂದಿನ ಸೀಟಲ್ಲಿ ಕೂರೋದು ನನ್ನ ಅಭ್ಯಾಸ. ಆ ಏಣಿ ನೋಡಿದ ಮೇಲೆ ಒಂದು ವಾರ ಮೆಟ್ಟಿಲು ಹತ್ತುವಾಗೆಲ್ಲ ಅದೇ ಕಣ್ಣ ಮುಂದೆ.

ಸುಮ್ನೆ ಓದುವವ

ಸರಿ, ಸೋತೆ. ಆದರೂ ಒಂದು ಪ್ರಶ್ನೆ. ಸುರಂಗದಲ್ಲಿ ಹಬೆ ಎಂಜಿನ್ ಓಡ್ತಿತ್ತು ಅಂತ ಓದಿದೆ. ಹೊಗೆ ಎಲ್ಲಿಗೆ ಹೋಗ್ತಿತ್ತು?

ಹಳೇ ಲಾಂದ್ರ

ಒಳ್ಳೇ ಪ್ರಶ್ನೆ. ಅರ್ಧ ಉತ್ತರ ಮ್ಯೂಸಿಯಂನಲ್ಲಿದೆ, ಇನ್ನರ್ಧ ಬೀದಿಯಲ್ಲಿ.

ಮೆಟ್ರೊಪಾಲಿಟನ್ ರೈಲ್ವೆ ಜನರಿಗೆ ತೆರೆದಿದ್ದು 1863ರ ಜನವರಿ 10ರಂದು, ಪ್ಯಾಡಿಂಗ್ಟನ್‌ನಿಂದ ಫ್ಯಾರಿಂಗ್‌ಡನ್‌ವರೆಗೆ. ಬೀದಿ ಅಗೆದು, ಹಳಿ ಹಾಕಿ, ಮೇಲೆ ಕಮಾನು ಕಟ್ಟಿ ಮಣ್ಣು ಮುಚ್ಚಿದ ಸುರಂಗ. ಅದರ 23ನೇ ನಂಬರಿನ ಎಂಜಿನ್ ಅಲ್ಲಿದೆ, 1866ರದ್ದು. ಆ ಜಾತಿಯಲ್ಲಿ ಉಳಿದಿರೋದು ಅದೊಂದೇ. ಪಕ್ಕದಲ್ಲಿ ದಪ್ಪ ಕೊಳವೆ ಕಾಣುತ್ತೆ. ಸುರಂಗದೊಳಗೆ ಹೋದಾಗ ಹಬೆಯನ್ನು ಚಿಮಣಿಗೆ ಬಿಡದೆ ಆ ಕೊಳವೆಯಿಂದ ನೀರಿನ ಟ್ಯಾಂಕಿಗೆ ತಿರುಗಿಸುತ್ತಿದ್ದರು. ಹಬೆ ನೀರಾಗುತ್ತಿತ್ತು. ಹೊಗೆಗೆ ಮಾತ್ರ ಟ್ಯಾಂಕ್ ಇರಲಿಲ್ಲ! ಅದು ಅಲ್ಲಲ್ಲಿ ಬಿಟ್ಟ ತೆರೆದ ಜಾಗಗಳಲ್ಲಿ ಹೊರಗೆ ಹೋಗಬೇಕು.

ಈಗ ಬೀದಿಯ ಅರ್ಧ. ಬೇಸ್‌ವಾಟರ್ ಕಡೆ ಲೆನ್‌ಸ್ಟರ್ ಗಾರ್ಡನ್ಸ್ ಅಂತ ಒಂದು ಬೀದಿ. ಅಲ್ಲಿ 23, 24ನೇ ನಂಬರಿನ ಮನೆಗಳ ಮುಂದೆ ನಿಲ್ಲಿ. ಅಕ್ಕಪಕ್ಕದವುಗಳ ಥರಾನೇ ಕಂಬ, ಬಾಲ್ಕನಿ, ಬಾಗಿಲು. ಆದರೆ ಕಿಟಕಿಗೆ ಗಾಜಿಲ್ಲ, ಬಣ್ಣ ಬಳಿದಿದ್ದಾರೆ. ಬಾಗಿಲಿಗೆ ಕಾಗದ ಹಾಕೋ ಸಂದಿ ಇಲ್ಲ. ಅದು ಮನೆಯೇ ಅಲ್ಲ, ಬರೀ ಗೋಡೆ. 1860ರ ದಶಕದಲ್ಲಿ ರೈಲು ದಾರಿಗೆ ಅಂತ ಅಲ್ಲಿದ್ದ ಮನೆ ಕೆಡವಿ, ಹೊಗೆ ಬಿಡೋ ಗುಂಡಿ ಬಿಟ್ಟರು. ಬೀದಿ ಅಂದ ಕೆಡಬಾರದು ಅಂತ ಮುಂದೆ ಸುಳ್ಳು ಮನೆ ನಿಲ್ಲಿಸಿದರು. ಹಿಂದಿನ ಬೀದಿಗೆ ಹೋಗಿ ಗೋಡೆ ಮೇಲಿಂದ ಇಣುಕಿದರೆ ಹಳಿ ಕಾಣುತ್ತೆ.

ಸುಮ್ನೆ ಓದುವವ

ಮನೆ ಮುಂದೆ ಗೋಡೆ, ಹಿಂದೆ ಹೊಗೆ. ಈ ಭಾನುವಾರ ಹೋಗಿ ನೋಡ್ತೀನಿ. ಮ್ಯೂಸಿಯಂಗೂ ಹೋಗ್ತೀನೇನೋ.

ಗುಬ್ಬಚ್ಚಿ

"ಹೋಗ್ತೀನೇನೋ" ಅಂತೆ! ಹೋಗಿ. ರೈಲು ಓಡಿಸುವ ಸಿಮ್ಯುಲೇಟರ್ ಇದೆ. ಮಕ್ಕಳ ಸಾಲು ಅಂತಾರೆ, ಸಾಲಲ್ಲಿ ಅರ್ಧ ಅಪ್ಪಂದಿರೇ. ನಮ್ಮನೆಯವರು ಪ್ಲಾಟ್‌ಫಾರ್ಮ್ ದಾಟಿಸಿ ಅರ್ಧ ರೈಲು ಸುರಂಗದಲ್ಲಿ ನಿಲ್ಲಿಸಿದರು. ಹಿಂದೆ ನಿಂತ ಮಗು ನಕ್ಕಿದ್ದು ನಿಜ.

ಸೀಟಿನ ಬಟ್ಟೆ ಬಗ್ಗೆ ಯಾರೂ ಹೇಳಲೇ ಇಲ್ವಲ್ಲ. ಮೊಕೆಟ್ ಅಂತಾರೆ. ಉಣ್ಣೆಯದ್ದು, ಮಖಮಲ್ ಥರ ಜುಂಗು ಇರುತ್ತೆ. ದಿನಾ ಸಾವಿರಾರು ಜನ ಕೂತರೂ ಸವೆಯಬಾರದು, ಕೊಳೆ ಎದ್ದು ಕಾಣಬಾರದು. ಅದಕ್ಕೇ ಅಷ್ಟು ಗಿಜಿಗಿಜಿ ಡಿಸೈನ್. ಈನಿಡ್ ಮಾರ್ಕ್ಸ್ ಅನ್ನೋ ಕಲಾವಿದೆ 1930ರ ದಶಕದಲ್ಲೇ ಇದಕ್ಕೆ ಡಿಸೈನ್ ಬರೆದಿದ್ದರು. ಈಗಿನ ರೈಲುಗಳ ನೀಲಿ ಬಟ್ಟೆ ಒಂದಿದೆ, ಬಾರ್ಮನ್ ಅಂತ ಹೆಸರು. ಹತ್ತಿರದಿಂದ ನೋಡಿದರೆ ಲಂಡನ್ ಐ, ಬಿಗ್ ಬೆನ್, ಟವರ್ ಬ್ರಿಡ್ಜ್, ಸೇಂಟ್ ಪಾಲ್ಸ್ ಗುಮ್ಮಟ ಎಲ್ಲ ಅದರೊಳಗೆ ಅಡಗಿವೆ. ಎರಡು ವರ್ಷ ಅದರ ಮೇಲೆ ಕೂತು ಓಡಾಡಿದ್ದೇನೆ, ಗೊತ್ತಾಗಿದ್ದು ಮ್ಯೂಸಿಯಂನಲ್ಲಿ.

ಸಂಜೆ ಪಾಳಿ

ಕಡೇ ಸ್ಟಾಪ್ ಸರ್, ಮುಷ್ಕರದ ವಿಷಯ ಹೇಳಿದಿರಲ್ಲ, ಅದಕ್ಕೆ ಇನ್ನೊಂದು ಸೇರಿಸ್ತೀನಿ. ಮೊದಲ ಮಹಾಯುದ್ಧಕ್ಕೆ ಗಂಡಸರು ಹೋದಾಗ ಹೆಂಗಸರು ಕಂಡಕ್ಟರ್ ಆದರು. 1918ರ ಆಗಸ್ಟ್‌ನಲ್ಲಿ ಗಂಡಸರಿಗೆ ಯುದ್ಧದ ಬೋನಸ್ ಅಂತ ವಾರಕ್ಕೆ ಐದು ಶಿಲಿಂಗ್ ಜಾಸ್ತಿ ಮಾಡಿದರು, ಹೆಂಗಸರಿಗೆ ಇಲ್ಲ. ವಿಲ್ಸ್‌ಡನ್ ಡಿಪೊದ ಹೆಂಗಸರು ಕೆಲಸ ನಿಲ್ಲಿಸಿದರು. ಬೇರೆ ಡಿಪೊಗಳಿಗೂ ಹಬ್ಬಿತು. ಬೋನಸ್ ಪಡೆದೇ ಬಿಟ್ಟರು. ಯುದ್ಧ ಮುಗಿದ ಮೇಲೆ ಕೆಲಸದಿಂದ ಕಳಿಸಿದರು, ಅದು ಬೇರೆ ಮಾತು.

ಕಂಡಕ್ಟರ್ ಆಗೋಕೆ ಯುದ್ಧ ಬೇಕಾಯಿತು. ಸ್ಟೇರಿಂಗ್ ಹಿಡಿಯೋಕೆ? ಲಂಡನ್ ಟ್ರಾನ್ಸ್‌ಪೋರ್ಟ್‌ನಲ್ಲಿ ಮೊದಲ ಮಹಿಳಾ ಬಸ್ ಡ್ರೈವರ್ ಜಿಲ್ ವೈನರ್. ವರ್ಷ 1974. ಓದಿ ಎರಡು ಸಲ ನೋಡಿದೆ, ತಪ್ಪು ಅಚ್ಚಾಗಿದೆಯಾ ಅಂತ.

ಇನ್ನೊಂದು ಕಡೆ ನಿಂತಿದ್ದು ಬಾರ್ಬಡೋಸ್ ಫೋಟೋಗಳ ಮುಂದೆ. ಎರಡನೇ ಯುದ್ಧ ಆದಮೇಲೆ ಕೆಲಸಕ್ಕೆ ಜನ ಸಿಗದೆ, 1956ರಲ್ಲಿ ನೇರ ಆ ದ್ವೀಪಕ್ಕೇ ಹೋಗಿ ಆಳುಗಳನ್ನು ಆರಿಸಿಕೊಂಡು ಬಂದರು. ಪ್ರಯಾಣದ ಖರ್ಚು ಸಾಲ. ಸಂಬಳದಲ್ಲಿ ಮುರಿದುಕೊಳ್ಳೋದು. ದೂರದ ಊರಿಂದ ಕೆಲಸಕ್ಕೆ ಅಂತ ಬಂದವಳು ನಾನೂ. ಮೊದಲ ಚಳಿಗೆ ಕೋಟು ಸಾಲದೆ ನಡುಗಿದ್ದು ನೆನಪಾಯಿತು. ಫೋಟೋದಲ್ಲಿ ಒಬ್ಬ ಕಂಡಕ್ಟರ್ ನಗ್ತಿದ್ದಾನೆ, ಯೂನಿಫಾರಂ ತೋಳು ಒಂದಿಂಚು ಉದ್ದ.

ಕಡೇ ಸ್ಟಾಪ್

ತೋಳು ಒಂದಿಂಚು ಉದ್ದ! ಮೇಡಂ, ಪ್ರಪಂಚದ ಎಲ್ಲ ಡಿಪೊದಲ್ಲೂ ಯೂನಿಫಾರಂ ಒಂದೇ ಅಳತೆ ಅಂತ ಕಾಣುತ್ತೆ.

ರೂಟ್‌ಮಾಸ್ಟರ್ ಬಸ್ಸಿನ ಬಗ್ಗೆ ಹೇಳಲೇಬೇಕು. ಕೆಂಪು ಡಬಲ್ ಡೆಕ್ಕರ್ ಅಂದರೆ ಎಲ್ಲರ ಕಣ್ಣಿಗೆ ಬರೋದು ಅದೇ. 1956ರಲ್ಲಿ ರಸ್ತೆಗೆ ಬಂತು, 1968ರವರೆಗೆ 2,876 ಬಸ್ಸು ಕಟ್ಟಿದರು. ಮೈ ಅಲ್ಯೂಮಿನಿಯಂ, ಹಗುರ. 64 ಸೀಟು. ಎಲ್ಲರೂ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ನಾನು ಹಿಂದೆ ಹೋದೆ. ಹಿಂದಿನ ತೆರೆದ ಫುಟ್‌ಬೋರ್ಡ್ ಪಕ್ಕ, ಮೆಟ್ಟಿಲ ಕೆಳಗೆ, ಒಂದು ಗೂಡು ಬಿಟ್ಟಿದ್ದಾರೆ. ಕಂಡಕ್ಟರ್ ನಿಲ್ಲೋಕೆ! ಜನ ಹತ್ತಿ ಇಳಿಯುವಾಗ ಅವನಿಗೆ ಡಿಕ್ಕಿ ಹೊಡೆಯಬಾರದು ಅಂತ.

ನಾನು ಒಂಬತ್ತು ವರ್ಷ ಜನರ ಮೊಣಕೈ ತಿಂದವನು. ಬಸ್ಸು ಬರೆದ ಇಂಜಿನಿಯರ್ ಒಬ್ಬ ಕಂಡಕ್ಟರ್ ಎಲ್ಲಿ ನಿಲ್ಲಬೇಕು ಅಂತ ಯೋಚಿಸಿದ್ದಾನೆ ಅಂದರೆ, ನನಗೆ ಅದು ಎಂಜಿನ್‌ಗಿಂತ ದೊಡ್ಡದು. ಕೆಳಗಿನ ಚಾವಣಿ ಉದ್ದಕ್ಕೂ ಹಗ್ಗ. ಒಂದು ಗಂಟೆ ಅಂದರೆ ನಿಲ್ಲಿಸು, ಎರಡು ಅಂದರೆ ಹೋಗು. ನಾವು ಬಾಯಲ್ಲಿ "ರೈಟ್ ರೈಟ್" ಅಂದಿದ್ದನ್ನು ಅವರು ಹಗ್ಗದಲ್ಲಿ ಹೇಳಿದರು, ಅಷ್ಟೇ.

ಕಿಟಕಿ ಸೀಟು

ಆ ಗೂಡು ನಾನು ನೋಡಲೇ ಇಲ್ಲ ಸರ್. ಬೆಲ್ ಪಂಚ್ ಆದ್ಮೇಲೆ ಏನಾಯಿತು, ನಿಮಗೆ ಗೊತ್ತಿದ್ದರೆ ಹೇಳಿ.

ಕಡೇ ಸ್ಟಾಪ್

ಗಿಬ್ಸನ್ ಯಂತ್ರ ಬಂತು, 1953ರಲ್ಲಿ. ಟಿಕೆಟ್ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದ ಜಾರ್ಜ್ ಗಿಬ್ಸನ್ ಎನ್ನುವವರೇ ರೂಪಿಸಿದ್ದು. ಹೊಟ್ಟೆ ಮೇಲೆ ಕಟ್ಟಿಕೊಳ್ಳೋದು. ದರ ತಿರುಗಿಸಿ, ಪಕ್ಕದ ಹಿಡಿ ಒಂದು ಸುತ್ತು ಸುತ್ತಿದರೆ ಖಾಲಿ ಕಾಗದದ ಸುರುಳಿ ಮೇಲೆ ಟಿಕೆಟ್ ಅಚ್ಚಾಗಿ ಬರುತ್ತಿತ್ತು. ಬಣ್ಣದ ಕಟ್ಟುಗಳೂ ಹೋದವು, ನಿಮ್ಮ ಚುಕ್ಕಿಗಳೂ ಹೋದವು. ಯಂತ್ರದೊಳಗಿನ ಅಂಕಿಯೇ ಲೆಕ್ಕ ಹೇಳುತ್ತಿತ್ತು. 1993ರವರೆಗೆ ಬಳಸಿದರು.

ಆಮೇಲೆ ನಿಮಗೇ ಗೊತ್ತು. 2003ರಲ್ಲಿ ಆಯ್ಸ್ಟರ್ ಕಾರ್ಡ್. 2005ರ ಡಿಸೆಂಬರ್ 9ರಂದು 159ನೇ ರೂಟಿನಲ್ಲಿ ರೂಟ್‌ಮಾಸ್ಟರ್ ದಿನನಿತ್ಯದ ಸೇವೆಯ ಕೊನೇ ಓಟ ಮುಗಿಸಿತು. 2014ರ ಜುಲೈಯಿಂದ ಲಂಡನ್ ಬಸ್ಸಲ್ಲಿ ದುಡ್ಡೇ ತಗೊಳ್ಳಲ್ಲ. ಚಿಲ್ಲರೆ ಇಲ್ಲ, ಚಿಲ್ಲರೆ ಜಗಳ ಇಲ್ಲ, ಕಂಡಕ್ಟರ್ ಇಲ್ಲ. ಮಗಳ ಮನೆ ಹತ್ತಿರ ಬಸ್ ಹತ್ತಿದರೆ ಕಾರ್ಡ್ ಮುಟ್ಟಿಸಬೇಕು, ಕೀಂ ಅನ್ನುತ್ತೆ. ಬೆಲ್ ಪಂಚ್‌ನ ಟಿಣ್ ಇದೇ ಅಲ್ವಾ ಅಂತ ಮೊನ್ನೆ ನಗು ಬಂತು.

ನಕ್ಷೆಗಾರ

ಆಸಕ್ತಿ ಇರುವವರಿಗೆ ಇನ್ನೊಂದು ಮಾತು. ಕೋವೆಂಟ್ ಗಾರ್ಡನ್‌ನಲ್ಲಿ ಇಟ್ಟಿರೋದು ಅವರ ಸಂಗ್ರಹದಲ್ಲಿ ಸ್ವಲ್ಪವೇ. ಉಳಿದಿದ್ದು ಆಕ್ಟನ್ ಟೌನ್ ಸ್ಟೇಷನ್ ಹತ್ತಿರದ ಡಿಪೊದಲ್ಲಿದೆ. ಮೂರು ಲಕ್ಷಕ್ಕೂ ಜಾಸ್ತಿ ವಸ್ತುಗಳು: ಬಸ್ಸು, ರೈಲು, ಬೋರ್ಡು, ಪೋಸ್ಟರ್, ಸಿಗ್ನಲ್, ಟಿಕೆಟ್ ಯಂತ್ರ. ವರ್ಷದಲ್ಲಿ ಕೆಲವೇ ವಾರಾಂತ್ಯ ಎಲ್ಲರಿಗೂ ಬಾಗಿಲು ತೆರೆಯುತ್ತಾರೆ, ಉಳಿದಂತೆ ಗೈಡ್ ಜೊತೆ ಹೋಗಬೇಕು. ಅಲ್ಲಿ ಅಲಂಕಾರ ಏನಿಲ್ಲ, ಗೋದಾಮಿನ ಥರ ಸಾಲಾಗಿ ಜೋಡಿಸಿಟ್ಟಿದ್ದಾರೆ. ನನಗೆ ಅದೇ ಇಷ್ಟ.

ಕಿಟಕಿ ಸೀಟು

ಎಲ್ಲರಿಗೂ ಥ್ಯಾಂಕ್ಸ್. ಟಿಕೆಟ್ ಹೇಗೂ ವರ್ಷದ್ದು, ನಿನ್ನೆ ಮತ್ತೆ ಹೋಗಿದ್ವಿ. ಲೆಸ್ಟರ್ ಸ್ಕ್ವೇರ್‌ನಲ್ಲಿ ಇಳಿದು ನಡೆದೆವು. ಕಂಡಕ್ಟರ್ ಗೂಡಿನಲ್ಲಿ ಮಗ ನಿಂತು ನೋಡಿದ, ಅವನಿಗೆ ಸರಿಯಾಗಿ ಹೊಂದಿತು. ನಾನು ನಿಲ್ಲೋಕೆ ಹೋದೆ, ತಲೆ ಬಗ್ಗಿಸಬೇಕಾಯಿತು.

ಮನೆಗೆ ಬಂದ ಮೇಲಿನ ಕಥೆ ಹೇಳ್ತೀನಿ. ಕಾಗದಕ್ಕೆ ತೂತು ಹೊಡೆಯೋ ನನ್ನ ಪಂಚಿಂಗ್ ಮಷಿನ್ ತಗೊಂಡ. ಬಣ್ಣದ ಹಾಳೆ ಕತ್ತರಿಸಿ ಟಿಕೆಟ್ ಮಾಡಿದ. ಹಾಲ್‌ನಿಂದ ಅಡುಗೆಮನೆಗೆ ಹಳದಿ, ಮಹಡಿಗೆ ನೀಲಿ. ನೀರು ಕುಡಿಯೋಕೆ ಹೋದರೂ ಟಿಕೆಟ್. ರಾತ್ರಿ ಮಷಿನ್ ತಳ ಬಿಚ್ಚಿ ಚುಕ್ಕಿ ಎಲ್ಲ ತಟ್ಟೆಗೆ ಸುರಿದು ಎಣಿಸಿದ. ಟಿಕೆಟ್ ಕೊಟ್ಟಿದ್ದು ಹದಿನಾಲ್ಕು, ಚುಕ್ಕಿ ಇದ್ದಿದ್ದು ಹದಿಮೂರು. ಒಂದು ಹಳದಿ ಕಡಿಮೆ. ಅರ್ಧ ಗಂಟೆ ವಿಚಾರಣೆ ನಡೀತು. ಕೊನೆಗೆ ಅವನ ಅಂಗಿ ತೋಳಿಗೇ ಅಂಟಿಕೊಂಡಿತ್ತು.

ಕಡೇ ಸ್ಟಾಪ್

ಕಂಡಕ್ಟರ್ ಮೇಲೆ ಅನುಮಾನ ಬಂತಾ ಇಲ್ವಾ, ಅದು ಹೇಳಿ ಮೊದಲು.

ಕಿಟಕಿ ಸೀಟು

ಬಂತು ಸರ್. ಅವರಮ್ಮನೇ ಜೇಬು ತಡಕಿದಳು. ಇವತ್ತು ಬೆಳಿಗ್ಗೆಯಿಂದ ಬಸ್ಸು ಬಿಟ್ಟಿಲ್ಲ.

ಕಡೇ ಸ್ಟಾಪ್

ಮುಷ್ಕರ. ನ್ಯಾಯವಾಗೇ ಇದೆ.